ತಾಳಕ್ಕೆ ಕೂರದ ಅಳತೆಗಳು

ಅಮ್ಮನ ಮನೆ, ಮಹಡಿಯ ಕೋಣೆ
ಜೂನ್ ಹನ್ನೆರಡು, ಗುರುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮೊಣಕಾಲು ನೋವು ಇಳಿಯಿತೇ? ಆಫೀಸಿನ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದುಕೋ, ಯಾರಾದರೂ ನೋಡಿಯಾರೆಂದು ಬಿಂಕ ಮಾಡಬೇಡ. ಪುಟ್ಟಿಯ ಕೆಮ್ಮು ಹೇಗಿದೆ? ಅಮ್ಮ ಚೆನ್ನಾಗಿದ್ದಾಳೆ, ಅಂದರೆ ನನ್ನನ್ನು ಬೈಯುವಷ್ಟು ಚೆನ್ನಾಗಿದ್ದಾಳೆ. ನಿನಗೆ ಫೋನ್ ಮಾಡಿ ಮಾಡಿ ಸೋತೆ. ನೀನು ಎತ್ತಿದ್ದರೂ ನನ್ನ ಬಾಯಿಂದ ಮಾತು ಹೊರಡುತ್ತಿತ್ತೋ ಇಲ್ಲವೋ. ಮಾತಿಗಿಂತ ಸದ್ದೇ ಜಾಸ್ತಿ ಎಂದು ಚಿಕ್ಕಂದಿನಲ್ಲೇ ನನಗೆ ಸದ್ದಪ್ಪ ಎಂದು ಹೆಸರಿಟ್ಟವಳು ನೀನು. ಅದಕ್ಕೇ ಕಾಗದ ಬರೆಯಲು ಕೂತಿದ್ದೇನೆ.

ಭಾನುವಾರ ನನ್ನ ಕಾರ್ಯಕ್ರಮದ ನಡುವೆ ನೀನು ಎದ್ದು ಹೋದದ್ದನ್ನು ನೋಡಿದೆ. ಗಂಟಲು ಒಣಗಿ ನೀರು ಕುಡಿಯಲು ಹೋದೆಯೇನೋ ಅಂದುಕೊಂಡೆ, ಅಷ್ಟು ದಡ್ಡ ನಾನು. ಹೊಳೆಯ ನೀರು, ಮಳೆ, ಬಿಸಿಲಿನ ಇಷ್ಟು ವರ್ಷಗಳ ಅಂಕಿಅಂಶಗಳನ್ನೆಲ್ಲ ನಿನ್ನ ಆಫೀಸಿನಿಂದ ತರಿಸಿಕೊಟ್ಟವಳೇ ನೀನು. "ಇದನ್ನ ಯಾರೂ ಓದಲ್ಲ ಕಣೋ, ನೀನಾದ್ರೂ ಕೇಳಿಸು" ಅಂದಿದ್ದೆ. ಆ ಮಾತನ್ನು ತಲೆಯ ಮೇಲೆ ಹೊತ್ತು ಎಷ್ಟೋ ತಿಂಗಳು ಒದ್ದಾಡಿದೆ. ನೀರಿನ ಮಟ್ಟವನ್ನು ಸ್ವರ ಮಾಡಿದೆ: ನೀರು ಏರಿದರೆ ಸ್ವರ ಏರುತ್ತದೆ, ಇಳಿದರೆ ಇಳಿಯುತ್ತದೆ. ಮಳೆ ತಾಳವಾಯಿತು. ಬಿಸಿಲಿನ ಕಾವು ಪರದೆಯ ಮೇಲೆ ಬಣ್ಣವಾಯಿತು. ಹಳೆಯ ವರ್ಷಗಳಲ್ಲಿ ಪರದೆ ತುಂಬ ನೀಲಿ, ಅಲ್ಲಲ್ಲಿ ಒಂದಿಷ್ಟು ಕೆಂಪು. ಈಚೆಗೆ ಬರುತ್ತ ಬರುತ್ತ ಕೆಂಪೇ ಹರಡಿಕೊಳ್ಳುತ್ತದೆ, ಹೊಳೆಯ ಸ್ವರ ತಿಂಗಳುಗಟ್ಟಲೆ ನೆಲಕಚ್ಚಿ ಮಲಗುತ್ತದೆ, ಆಮೇಲೆ ಒಮ್ಮೆಲೇ ಚಿಮ್ಮುತ್ತದೆ. ಅದನ್ನು ಕೇಳಿ ಅಮ್ಮ, "ಹೊಳೆಗೇನೋ ಆಗಿದೆ ಕಣೋ" ಅಂದಳು. ಅಮ್ಮನಿಗೂ ಅರ್ಥವಾಯಿತಲ್ಲ ಎಂದು ನಾನು ಬೀಗಿದೆ.

ಆಮೇಲೆ ಆ ನೆರೆಯ ವಾರ. ಹೊಳೆಯ ಹಾಡು ಕಟ್ಟಿ, ಹೋದ ವರ್ಷದ ಆ ವಾರವನ್ನು ಬಿಡುವುದಾದರೂ ಹೇಗೆ? ನೀರಿನ ಮಟ್ಟ ಅಳೆಯುವ ಯಂತ್ರದ ಕೊಳವೆಗೆ ಕೆಸರು ಸಿಕ್ಕಿಕೊಂಡಿದೆಯೇನೋ ಎಂದು ಭಾವ ಸ್ಪ್ಯಾನರ್ ಹಿಡಿದು ಸೇತುವೆಯ ಕೆಳಗೆ ಇಳಿದದ್ದು, ಹೊಳೆ ಅವರನ್ನು ಎಳೆದುಕೊಂಡು ಹೋದದ್ದು, ಸ್ಪ್ಯಾನರ್ ಮಾತ್ರ ಮೆಟ್ಟಿಲ ಮೇಲೆ ಉಳಿದದ್ದು, ಎಲ್ಲ ನನಗೆ ಗೊತ್ತು. ಯಂತ್ರದ ಅಂಕಿ ಅಲ್ಲಿಗೇ ನಿಂತಿತ್ತು. ಹೊಸ ಯಂತ್ರ ಕೂರಿಸುವ ತನಕ ಯಾರೋ ಕೈಯಲ್ಲಿ ಅಳೆದ ಕೆಲವು ಅಂಕಿಗಳಷ್ಟೇ ಇದ್ದವು. ಅವಕ್ಕೆ ಹೊತ್ತುಗೊತ್ತಿಲ್ಲ. ಕೆಲವು ಒಂದರ ಬೆನ್ನಿಗೊಂದು, ಕೆಲವು ಎಷ್ಟೋ ಹೊತ್ತಿನ ಮೇಲೆ. ಏನು ಮಾಡಿದರೂ ತಾಳಕ್ಕೆ ಕೂರಲಿಲ್ಲ, ಸ್ವರ ಎಡವಿ ಎಡವಿ ಬೀಳುತ್ತಿತ್ತು. ಅಳಿಸಿಬಿಟ್ಟೆ ಅಕ್ಕಾ. ಹಳೆಯ ಯಂತ್ರದ ಕೊನೆಯ ಅಂಕಿಯಿಂದ ಹೊಸ ಯಂತ್ರದ ಮೊದಲ ಅಂಕಿಗೆ ಕಂಪ್ಯೂಟರಿನಲ್ಲಿ ಒಂದು ನುಣುಪಾದ ಗೆರೆ ಎಳೆದು, ಅದಕ್ಕೆ ಪಿಟೀಲು ಕೊಟ್ಟೆ. ಇಡೀ ಹಾಡಿನಲ್ಲಿ ಅದೇ ಇಂಪಾದ ಭಾಗವಾಯಿತು. ಹಾಡು ಮುಗಿಯುವುದಕ್ಕೂ ಕಾಯದೆ ಜನ ಅಲ್ಲೇ ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತು ತಲೆಬಾಗಿದೆ. ತಲೆ ಎತ್ತಿದಾಗ ನೀನು ಬಾಗಿಲ ಹತ್ತಿರ ಇದ್ದೆ.

ಮನೆಗೆ ಬಂದು, ಅಕ್ಕನಿಗೆ ಭಾವನ ನೆನಪಾಯಿತೇನೋ ಎಂದೆ. ಅಮ್ಮ ಲೋಟ ತೊಳೆಯುತ್ತಿದ್ದಳು. ತಿರುಗಿಯೂ ನೋಡದೆ ಅಂದಳು, "ನೆನಪು ಯಾವಾಗ್ಲೂ ಇರುತ್ತೆ. ಅವಳು ಅಳೆದಿದ್ದನ್ನ ಎಲ್ಲಿ ಬಿಸಾಕ್ದೆ? ಅದನ್ನ ಕೇಳೋಕೆ ಬಂದಿದ್ಲು." ಆಗ ಅಮ್ಮ ಎಲ್ಲ ಹೇಳಿದಳು. ಹುಡುಕುವವರು ದೋಣಿಯಲ್ಲಿ ತಿರುಗುತ್ತಿದ್ದಾಗ ನೀನು ಸೇತುವೆಯ ಮೆಟ್ಟಿಲಲ್ಲಿ ಅಳತೆಕೋಲು ಹಿಡಿದು ನಿಂತಿದ್ದೆಯಂತೆ. ಅಳತೆಯನ್ನೂ ಹೊತ್ತನ್ನೂ ಬರೆದುಕೊಂಡು, ನೀರು ಎಷ್ಟು ಇಳಿಯಿತೆಂದು ಅವರಿಗೆ ಕೂಗಿ ಹೇಳುತ್ತಿದ್ದೆಯಂತೆ. ಇಳಿದದ್ದು ನಿಜವೋ ಸುಳ್ಳೋ ಎಂದು ಮತ್ತೆ ಮತ್ತೆ ಅಳೆಯುವುದು, ದೋಣಿ ದಡಕ್ಕೆ ಬಂದರೆ ಕೋಲು ಬಿಟ್ಟು ಓಡುವುದು, ಬರಿಗೈಯಲ್ಲಿ ಬಂದು ಮತ್ತೆ ಅಳೆಯುವುದು. ನನ್ನ ತಾಳಕ್ಕೆ ಕೂರದಿದ್ದದ್ದು ಅದು. ನಾನೋ ಆಗ ಪರದೇಶದಲ್ಲಿ ಯಾವುದೋ ಸಂಗೀತ ಕಛೇರಿಗೆ ಸದ್ದು ಜೋಡಿಸುತ್ತಿದ್ದೆ, ಎಲ್ಲ ಮುಗಿದ ಮೇಲೆ ಬಂದವನು. ನೀನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಗೊತ್ತಿರಲಿಲ್ಲ ಎಂದು ಜಾರಿಕೊಳ್ಳಬಹುದು. ಆದರೆ ಯಾರೋ ಅಳೆದದ್ದು ಎಂದಾದರೆ ಅಳಿಸಬಹುದೇ? ಅಂಥ ನೆರೆಯಲ್ಲಿ ಹೊಳೆಯ ಪಕ್ಕ ನಿಂತು ಅಳೆದ ಪುಣ್ಯಾತ್ಮರು ಯಾರು ಎಂದು ನಿನ್ನನ್ನು ಒಂದು ಮಾತು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಕಿವಿ ಇದೆ ಎಂದು ಮೆರೆಯುವವನು ನಾನು. ನಾಚಿಕೆಯಾಗುತ್ತದೆ ಅಕ್ಕಾ. ಮುಂದಿನ ಶನಿವಾರ ಅದೇ ಸಭಾಂಗಣದಲ್ಲಿ ಮತ್ತೆ ಕಾರ್ಯಕ್ರಮವಿದೆ. ಪಿಟೀಲಿನ ಭಾಗ ತೆಗೆದೆ ಎಂದಾಗ ಅಲ್ಲಿನ ಮ್ಯಾನೇಜರು ಮುಖ ಗಂಟು ಹಾಕಿಕೊಂಡು, "ಜನ ಅದಕ್ಕೇ ಬರೋದು ಕಣ್ರೀ" ಅಂದರು. ಹಾಗಿದ್ದರೆ ಬರುವುದೇ ಬೇಡ ಎಂದೆ. ಅವರ ಮೇಲೆ ರೇಗಿ ಏನು ಬಂತು, ನಾನೇ ಮಾಡಿಕೊಂಡದ್ದು.

ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ, ಪುಟ್ಟಿಗೆ ಮುತ್ತು ಕಳಿಸಿದ್ದಾಳೆ. ಬೈಯುವುದಕ್ಕಾದರೂ ಫೋನ್ ಎತ್ತು. ನಿನ್ನ ಕೈಲಿ ಬೈಸಿಕೊಂಡರೆ ಸ್ವಲ್ಪ ಹಗುರಾದೇನು.

ನಿನ್ನ ತಮ್ಮ,
ಸದ್ದಪ್ಪ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದೊಂದು. ನಿನ್ನ ಅಳತೆಗಳನ್ನು ಒಂದೂ ಬಿಡದೆ ಆಯಾ ಹೊತ್ತಿಗೇ ಮತ್ತೆ ಕೂರಿಸಿದ್ದೇನೆ, ತಾಳ ತಪ್ಪಿದರೆ ತಪ್ಪಲಿ. ಅಲ್ಲಿ ಪರದೆ ಪೂರ್ತಿ ಕಪ್ಪು, ಒಂದೊಂದು ಅಳತೆಗೂ ಒಂದು ಬೆಳಕಿನ ಚುಕ್ಕೆ. ಸದ್ದು ಮಾತ್ರ ಇಟ್ಟಿಲ್ಲ. ಒಳಗೆ ಕೆಸರು ಕೂತಿದೆಯೋ ಇಲ್ಲವೋ ಎಂದು ಭಾವ ಕೊಳವೆಗೆ ಸ್ಪ್ಯಾನರಿನಿಂದ ತಟ್ಟಿ ಕಿವಿಗೊಡುತ್ತಿದ್ದರಲ್ಲ, ಅಂಥದೇ ಒಂದು ಕಬ್ಬಿಣದ ಕೊಳವೆ ತಂದು ವೇದಿಕೆಯ ಮೇಲೆ ನಿಲ್ಲಿಸಿದ್ದೇನೆ. ಸ್ಪ್ಯಾನರ್ ನಿನ್ನ ಹತ್ತಿರ ಇದೆ. ಕಳಿಸು ಎಂದು ಕೇಳುವ ಮುಖ ನನಗಿಲ್ಲ. ನೀನೇ ತಂದು ಒಂದೊಂದು ಚುಕ್ಕೆಗೂ ತಟ್ಟುತ್ತೀಯಾ? ನೀನು ಬರದಿದ್ದರೆ ಆ ಚುಕ್ಕೆಗಳು ಸದ್ದಿಲ್ಲದೆ ಹೊತ್ತಿ ಆರುತ್ತವೆ. ಅಲ್ಲಿ ಇನ್ನು ನಾನು ಏನನ್ನೂ ತುಂಬುವುದಿಲ್ಲ.