ದಡದ ಮಂಜುಗಡ್ಡೆ

ಸೋಡಾ ಹಾಲೋ, ವಯೋಮಿಂಗ್
ಫೆಬ್ರವರಿ ೧೦, ೧೯೮೬, ಸೋಮವಾರ

ಪ್ರೀತಿಯ ರಾಯ್ಸ್,

ಹೇಗಿದ್ದೀಯಪ್ಪ? ಬೆನ್ನುನೋವು ಕಡಿಮೆಯಾಯಿತೇ? ದಿನವಿಡೀ ಲೆಟಿಸ್ ಸೊಪ್ಪಿನ ಪೆಟ್ಟಿಗೆ ಎತ್ತುವವನಿಗೆ ಬೆನ್ನು ನೋಯದೆ ಇನ್ನೇನು ನೋಯುತ್ತದೆ? ಯೂಮಾದಲ್ಲಿ ಈ ತಿಂಗಳಲ್ಲೂ ಅಂಗಿಯ ತೋಳು ಮಡಚಿಕೊಂಡು ಓಡಾಡುತ್ತೀರಂತೆ. ಇಲ್ಲಿ ಬೆಳಿಗ್ಗೆ ಬಾಗಿಲ ಹಿಡಿಗೆ ಬರಿಗೈ ತಾಗಿಸಿದರೆ ಚರ್ಮ ಅಲ್ಲೇ ಉಳಿಯುತ್ತದೆ. ನಾನು ಚೆನ್ನಾಗಿದ್ದೇನೆ. ಹಾಗೆ ಬರೆಯುವುದು ರೂಢಿ, ಅದಕ್ಕೆ ಬರೆದೆ. ಉಣ್ಣುತ್ತೇನೆ, ಮಲಗುತ್ತೇನೆ, ಏಳುತ್ತೇನೆ. ಕ್ರಿಸ್‌ಮಸ್‌ಗೆ ನೀನು ಬರೆದ ನಾಲ್ಕು ಸಾಲು ಬಂತು. "ಅಪ್ಪನನ್ನು ಕೊಂದ ನಾನು ಅಪ್ಪನ ಮೇಜಿಗೆ ಕೂತು ಹೇಗಮ್ಮಾ ಉಣ್ಣಲಿ" ಎಂದು ಬರೆದಿದ್ದೆ. ಓದಿದೆ, ಮಡಚಿ ಕಪಾಟಿನಲ್ಲಿಟ್ಟೆ, ಪಾತ್ರೆ ತೊಳೆದೆ. ನೀನು ಮನೆಗೆ ಬಾರದೆ ಇದು ಮೂರನೆಯ ಚಳಿಗಾಲ.

ಸುದ್ದಿ ಏನೆಂದರೆ, ನಿನ್ನೆ ಚರ್ಚಿನಿಂದ ಬಂದವಳು ಜಲಾಶಯಕ್ಕೆ ಹೋಗಿ ಮೀನು ಹಿಡಿದೆ. ನಗುವುದಾದರೆ ನಗು. ಮೂವತ್ತನಾಲ್ಕು ವರ್ಷ ಮೀನಿನ ಹುಚ್ಚಿನವನ ಜೊತೆ ಸಂಸಾರ ಮಾಡಿ ಸಾವಿರಾರು ಟ್ರೌಟ್ ಹೊಟ್ಟೆ ಸೀಳಿದ್ದೇನೆ, ಆದರೆ ಒಂದು ದಿನವೂ ಮಂಜುಗಡ್ಡೆಯ ಮೇಲೆ ಕಾಲಿಟ್ಟವಳಲ್ಲ. "ಇಡೀ ದಿನ ತೂತು ನೋಡ್ತಾ ಕೂರೋಕೆ ನಾನೇನು ಬೆಕ್ಕಾ?" ಎಂದು ನಾನು ಕೇಳಿದರೆ, "ಬೆಕ್ಕಿಗಾದ್ರೂ ತಾಳ್ಮೆ ಇರತ್ತೆ ಕಣೇ" ಎನ್ನುತ್ತಿದ್ದರು ನಿನ್ನಪ್ಪ. ಅವರ ಬೂಟಿಗೆ ಮೂರು ಜೊತೆ ಕಾಲುಚೀಲ ತುರುಕಿ ಹಾಕಿಕೊಂಡೆ. ಕರೆದುಕೊಂಡು ಹೋದವನು ಕ್ಲೆಟಸ್. ಕಾಗದ ಹರಿದು ಎಸೆಯಬೇಡ, ಮುಂದೆ ಓದು. ಜಲಾಶಯದ ಗೇಟು ಎತ್ತಿ ನೀರು ಬಿಡುವ ಮುಂಚೆ ದಡದ ಮನೆಗಳಿಗೆಲ್ಲ ಫೋನ್ ಮಾಡಬೇಕಾದವನು ನಮ್ಮ ಮನೆಗೆ ಮಾತ್ರ ಮಾಡಲು ಮರೆತ ಎಂದು ಊರು ಅವನನ್ನು ಇನ್ನೂ ಮಾತಾಡಿಸುವುದಿಲ್ಲ. ತಪ್ಪು ಒಪ್ಪಿಕೊಂಡ, ಕೆಲಸವೂ ಹೋಯಿತು. ಚರ್ಚಿನಲ್ಲಿ ಹಿಂದಿನ ಬೆಂಚಿನಲ್ಲಿ ಒಬ್ಬನೇ ಕೂರುತ್ತಾನೆ. ನೀನೊಬ್ಬ ಮಾತ್ರ ಅವನನ್ನು ಬೈಯಲಿಲ್ಲ. "ಅವನು ಫೋನ್ ಮರೆತರೆ ನಾನು ತೂತು ಕೊರೆದು ನೋಡೋದನ್ನೂ ಮರೀಬೇಕಿತ್ತಾ" ಎಂದೆ. ಚಿಕ್ಕಂದಿನಿಂದ ನಿನ್ನದು ಇದೇ ಬುದ್ಧಿ, ಬಿದ್ದ ಮರವನ್ನೆಲ್ಲ ನಾನೇ ಕಡಿದೆ ಎನ್ನುತ್ತೀಯ.

ಹಿಮ ಮೊಣಕಾಲುದ್ದ ಬಿದ್ದಿತ್ತು. ಕ್ಲೆಟಸ್ ನನ್ನನ್ನು ದಡದಲ್ಲೇ ನಿಲ್ಲಿಸಿ, ಹೆಜ್ಜೆ ಹೆಜ್ಜೆಗೂ ಹಾರೆಯಿಂದ ಕುಟ್ಟುತ್ತಾ ಇಳಿದ. ಆಮೇಲೆ ಬೈರಿಗೆ ತಿರುಗಿಸಿ ಒಂದು ತೂತು ಕೊರೆದು, ಕೈಬೀಸಿ ಕರೆದು ಬಗ್ಗಿ ನೋಡು ಎಂದ. ಒಂದಡಿ ದಪ್ಪದ ಮಂಜುಗಡ್ಡೆ, ಗಾಜಿನಷ್ಟು ಚೆನ್ನ. ನೀರು ಮಾತ್ರ ಉಕ್ಕಲಿಲ್ಲ. ಕೆಳಗೆ ಕತ್ತಲು, ಕತ್ತಲಲ್ಲಿ ದಡದ ಇಳಿಜಾರಿನ ಕಲ್ಲುಗಳು. "ಗಟ್ಟಿಯೇನೋ ಇದೆ, ಹೊರೋಕೆ ಕೆಳಗೆ ನೀರಿಲ್ಲ ನೋಡು" ಎಂದ. ಗೇಟಿನಿಂದ ನೀರು ಇಳಿದ ಮೇಲೆ ದಡದ ಮಂಜುಗಡ್ಡೆ ಹೀಗೆ ತೊಲೆಯಿಲ್ಲದ ಮಾಳಿಗೆಯಂತೆ ನೇತಾಡುತ್ತದೆ. ಇದನ್ನು ನಿನಗೆ ಹೇಳಬೇಕೇ? ನಿನ್ನಪ್ಪ ಹೋಗುವ ಮುಂಚಿನ ಶನಿವಾರ ನೀನು ಕೊರೆದಾಗ ಅಲ್ಲೇ ನೀರು ಉಕ್ಕಿತ್ತು. ಸೋಮವಾರ ಸಂಜೆ ಗೇಟು ಎತ್ತಿದ್ದು, ಇಡೀ ರಾತ್ರಿ ಹಿಮ ಬಿದ್ದು ಬಿರುಕೆಲ್ಲ ಮುಚ್ಚಿದ್ದು ನಿನಗೆ ಹೇಗೆ ಗೊತ್ತಾಗಬೇಕು? ಮಂಗಳವಾರ ಬೆಳಿಗ್ಗೆ "ಶನಿವಾರನೇ ಒಂದಡಿ ಇತ್ತಪ್ಪಾ, ಬನ್ನಿ" ಎಂದು ನೀನು ಮುಂದೆ ನಡೆದೆ, ಸಾಮಾನು ಹೇರಿದ ಸ್ಲೆಡ್ಡು ಎಳೆದುಕೊಂಡು ಅವರು ಹಿಂದೆ ಬಂದರು. ಅವರ ಕಾಲಡಿಯ ಮಂಜುಗಡ್ಡೆ ಕುಸಿಯಿತು, ನೀನು ಬೋರಲು ಬಿದ್ದು ಹಗ್ಗ ಎಳೆದೆ. ಸ್ಲೆಡ್ಡು ಬಂತು, ಅವರು ಬರಲಿಲ್ಲ. ನಿನ್ನೆ ಅದೇ ಜಾಗಕ್ಕೆ ಎರಡು ಉದ್ದನೆ ಹಲಗೆ ಹಾಸಿ, "ಅಂಬೆಗಾಲಿಟ್ಟು ಬಾ" ಎಂದ ಕ್ಲೆಟಸ್. ಐವತ್ತೆಂಟರ ಮುದುಕಿ ಅಂಬೆಗಾಲಿಟ್ಟೆ. ನಡುವೆ ನಿಂತು, ಇಲ್ಲೇ ಅಲ್ಲವೇ, ಈಗ ಅಳು ಬರುತ್ತದೆ ಎಂದು ಕಾದೆ. ಏನೂ ಬರಲಿಲ್ಲ. ಮೊಣಕಾಲು ತಣ್ಣಗಾಯಿತು, ಅಷ್ಟೇ.

ಹಲಗೆಯಾಚೆ ಕೊರೆದ ತೂತಿನಲ್ಲಿ ನೀರು ಉಕ್ಕಿತು. ಮೇಲೆ ಕಟ್ಟುವ ಮಂಜಿನ ಕೆನೆಯನ್ನು ಸೌಟಿನಿಂದ ತೆಗೆಯುತ್ತಾ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತೆ. ಚಳಿಯಲ್ಲಿ ಟ್ರೌಟ್ ಕಚ್ಚುವುದು ಎಷ್ಟು ಮೆತ್ತಗೆ ಅಂತೀಯ! ಗಾಳದ ಕಡ್ಡಿಯ ತುದಿ ಒಂದಿಷ್ಟು ಬಾಗುತ್ತದೆ, ಹೌದೋ ಅಲ್ಲವೋ ಎನ್ನುವಷ್ಟು. ಎಳೆದು ಹಿಮದ ಮೇಲೆ ಹಾಕಿದರೆ ಎರಡು ಸಲ ಒದ್ದಾಡಿ, ಮೈಯ ಗುಲಾಬಿ ಬಣ್ಣ ಮಾಸುವಷ್ಟರಲ್ಲಿ ಕೊರಡಾಯಿತು. ನಾಲ್ಕು ಬಿದ್ದವು. "ಮೊದಲನೇ ಸಲಕ್ಕೇ ನಾಲ್ಕು! ಆರ್ವಿಲ್ ಇದ್ದಿದ್ರೆ ಹೊಟ್ಟೆ ಉರ್ಕೊಂಡು ಸಾಯ್ತಿದ್ದ" ಎಂದು ನಿನ್ನಪ್ಪನ ಹೆಸರೆತ್ತಿದ ಕ್ಲೆಟಸ್ ಕೂಡಲೇ ನಾಲಗೆ ಕಚ್ಚಿಕೊಂಡ. ನಾನು ನಕ್ಕೆ. ನಕ್ಕಿದ್ದು ಬಾಯಿ ಮಾತ್ರ, ಒಳಗಿನವಳಿಗೆ ಸುದ್ದಿಯೇ ಮುಟ್ಟಲಿಲ್ಲ. ರಾತ್ರಿ ಒಂದನ್ನು ಜೋಳದ ಹಿಟ್ಟಿನಲ್ಲಿ ಹೊರಳಿಸಿ ಹುರಿದೆ. ಉಪ್ಪು ಹಾಕಿದ್ದೆನೋ ಇಲ್ಲವೋ, ತಿಂದು ಮುಗಿಸಿದರೂ ತಿಳಿಯಲಿಲ್ಲ.

ಬಿಸಿಲಲ್ಲಿ ಟೋಪಿ ಇಲ್ಲದೆ ನಿಲ್ಲಬೇಡ. ಪೆಟ್ಟಿಗೆ ಎತ್ತುವಾಗ ಬೆನ್ನು ಬಗ್ಗಿಸಬೇಡ, ಮೊಣಕಾಲು ಬಗ್ಗಿಸು. ದೇವರು ನಿನ್ನ ಬೆನ್ನನ್ನೂ ನಿದ್ದೆಯನ್ನೂ ಕಾಯಲಿ.

ನಿನ್ನ ಅಮ್ಮ,
ಲೆನೋರಾ

ಮರೆತಿದ್ದೆ. ಇಲ್ಲ, ಮರೆತದ್ದಲ್ಲ. ಅಂಚೆ ಜೀಪು ತಿರುವಿನಲ್ಲಿ ಕಾಣುತ್ತಿದೆ, ಈಗ ಬರೆಯದಿದ್ದರೆ ಎಂದೂ ಬರೆಯಲಾರೆ. ಕ್ಲೆಟಸ್ ಫೋನ್ ಮಾಡಿದ್ದ. ಆ ಸೋಮವಾರ ಸಂಜೆ, ಎತ್ತಿದವಳು ನಾನು. "ಗೇಟ್ ಎತ್ತುತಾ ಇದೀನಿ, ನಾಳೆ ಹಲಗೆ ಇಲ್ದೆ ಇಳೀಬೇಡಿ ಅಂತ ಆರ್ವಿಲ್‌ಗೆ ಹೇಳು" ಎಂದ. ನಿನ್ನಪ್ಪ ಗಾಳದ ಹುಳುಗಳನ್ನು ನನ್ನ ಬೆಣ್ಣೆ ಡಬ್ಬಿಯಲ್ಲಿ ತುಂಬಿ ಫ್ರಿಜ್ಜಿನಲ್ಲಿಟ್ಟಿದ್ದರು, ಅದಕ್ಕೆ ಎರಡು ದಿನದಿಂದ ಮಾತು ಬಿಟ್ಟಿದ್ದೆ. ಅವರೇ ಮೊದಲು ಮಾತಾಡಿಸಲಿ, ಆಗ ಹೇಳೋಣ ಎಂದು ಮುಖ ಊದಿಸಿಕೊಂಡು ಮಲಗಿದೆ. ಎದ್ದಾಗ ನೀವಿಬ್ಬರೂ ಹೊರಟುಹೋಗಿದ್ದಿರಿ. ವಿಚಾರಣೆಯ ದಿನ ಕ್ಲೆಟಸ್ ನನ್ನ ಮುಖ ನೋಡಿ "ಮರೆತೆ" ಎಂದ. ನಾನು ಸುಮ್ಮನೆ ಕೂತಿದ್ದೆ. ನಿನ್ನೆ ಗಾಳ ಸುತ್ತುತ್ತಾ, "ನಂದು ಬಿಡು ಲೆನೋರಾ, ಆ ಹುಡುಗನಿಗಾದ್ರೂ ಹೇಳು" ಎಂದ. ನೀನು ಯಾರನ್ನೂ ಕೊಂದಿಲ್ಲ ರಾಯ್ಸ್. ಇನ್ನು ಮುಂದೆ ಮನೆಗೆ ಬಾರದಿದ್ದರೆ, ನನ್ನ ಮೇಲಿನ ಸಿಟ್ಟಿಗೆ ಬಾರದಿರು.