ಹೆಸರು ಹೇಳದವನಿಗೆ ಮಾಫಿ

ಕರ್ಜಗಿ, ಹಾವೇರಿ ತಾಲೂಕು

ಸತ್ಯಶೋಧನಾ ಆಯೋಗದ ಅಧ್ಯಕ್ಷರಿಗೆ ಜೈತೂನಬಿಯ ಸಲಾಂ.

ನಿಮ್ಮ ದೇಶದ ಯುದ್ಧದಲ್ಲಿ ಆಂಬುಲೆನ್ಸ್ ಓಡಿಸುವಾಗ ಗುಂಡಿಗೆ ಸತ್ತ ಮುಜಾಫರನ ತಾಯಿ ನಾನು. ನೀವು ಕಳಿಸಿದ ಕ್ಷಮಾಪತ್ರವನ್ನು ಮೊಮ್ಮಗಳು ಮುಸ್ಕಾನ್ ಕನ್ನಡಕ್ಕೆ ತಿರುಗಿಸಿ ಓದಿ ಹೇಳಿದಳು. ‘ಕುಟುಂಬವು ಕ್ಷಮಿಸಿದೆ’ ಎಂದು ನೀವೇ ಅಚ್ಚು ಹಾಕಿಸಿ, ಕೆಳಗೆ ನನ್ನ ಹೆಬ್ಬೆಟ್ಟಿಗೆ ಜಾಗ ಬಿಟ್ಟಿದ್ದೀರಿ. ನಾನು ಹೈಸ್ಕೂಲು ಓದಿದವಳು, ಸಹಿ ಮಾಡಬಲ್ಲೆ. ಆದರೆ ಯಾರನ್ನು ಕ್ಷಮಿಸಬೇಕು ಎಂಬುದು ಅದರಲ್ಲಿ ಎಲ್ಲೂ ಇಲ್ಲ.

ನನ್ನ ಯಜಮಾನರು ಹಜ್ ಯಾತ್ರೆಗೆ ಹೊರಡುವ ಮೊದಲು, ನಮ್ಮ ಪದ್ಧತಿಯಂತೆ, ಮನೆಮನೆಗೆ ಹೋಗಿ ಮಾಫಿ ಕೇಳಿದರು. ಪಕ್ಕದ ಹೊಲದ ಮೈಲವ್ವನ ಮುಂದೆ ನಿಂತು, ‘ಏನರ ತಪ್ಪಾಗಿದ್ರ ಮಾಫ್ ಮಾಡವಾ’ ಎಂದರು.

‘ಯಾವ ತಪ್ಪು? ಮೊದ್ಲ ಅದನ್ನ ಹೇಳಪಾ’ ಎಂದಳು ಆಕೆ.

ಬದುವಿನ ಕಲ್ಲು ಸರಿಸಿದ್ದು ತಾವೇ ಎಂದು ಇವರು ತಲೆ ತಗ್ಗಿಸಿ ಒಪ್ಪಿಕೊಂಡರು.

‘ಮಕ್ಕಾಕ್ಕ ಹೊಂಟಮ್ಯಾಲೆ ನೆನಪಾತೇನು? ಇರ್ಲಿ, ಕಲ್ಲು ಮೊದ್ಲಿದ್ದಲ್ಲೆ ಇಟ್ಟು ಬಾ.’

ಕಲ್ಲು ಇಟ್ಟು ಬಂದ ಮೇಲೆಯೇ ಮಾಫಿ ಸಿಕ್ಕಿತು. ಒಂದು ಕಲ್ಲಿಗೇ ನಮ್ಮೂರಲ್ಲಿ ಇಷ್ಟು ವಿಚಾರಣೆ ಇದೆ. ನೀವು ಕೊಂದವನ ಹೆಸರು ಮುಚ್ಚಿಟ್ಟು, ಶಾಂತಿಗಾಗಿ ಸಹಿ ಮಾಡು ಎನ್ನುತ್ತೀರಿ.

ನಿಮ್ಮ ಕಾಗದವನ್ನು ಮರಳಿ ಕಳಿಸಿದ್ದೇನೆ. ಗುಂಡು ಹಾರಿಸಿದವನೂ, ಹಾರಿಸೆಂದು ಆಜ್ಞೆ ಕೊಟ್ಟ ಅಧಿಕಾರಿಯೂ ನ್ಯಾಯಾಲಯದಲ್ಲಿ ನಿಂತು, ಆಂಬುಲೆನ್ಸ್ ಎಂದು ಕಂಡೂ ಹೊಡೆದೆವು ಎಂದು ಹೇಳಲಿ. ಅಂದು ನನ್ನನ್ನು ಕರೆಸಿರಿ, ಕನ್ನಡ ಬಲ್ಲ ಒಬ್ಬರನ್ನು ಪಕ್ಕದಲ್ಲಿ ಕೂರಿಸಿರಿ. ಕ್ಷಮಿಸುವುದೋ ಬಿಡುವುದೋ, ಅವರ ಮುಖ ನೋಡಿ ನಾನೇ ಹೇಳುತ್ತೇನೆ.

ಹೆಬ್ಬೆಟ್ಟಿನ ಜಾಗದಲ್ಲಿ ಸದ್ಯಕ್ಕೆ ನನ್ನ ಮಗನ ಪೂರ್ತಿ ಹೆಸರು ಬರೆದಿದ್ದೇನೆ. ನಿಮ್ಮ ಕಾಗದದಲ್ಲಿ ಅವನೂ ಬರೀ ಒಂದು ನಂಬರಾಗಿದ್ದ.

ಇಂತಿ,
ಮುಜಾಫರನ ತಾಯಿ
ಜೈತೂನಬಿ