ನಲವತ್ತನೆಯವನು

ಜನವರಿ ೨೯, ಭಾನುವಾರ

ಬೆಳಗಿನಿಂದ ತೆಂಗಿನ ನಾರು ಬಡಿದದ್ದೇ ಬಡಿದದ್ದು. ಅಂಗೈ ತುಂಬ ಬೊಬ್ಬೆ. ಪಕ್ಕದ ಮನೆಯ ಹವ್ವಾ ತನ್ನ ಕೆಲಸ ಬಿಟ್ಟು ನನ್ನ ಮುಂದೆ ಬಂದು ಕೂತಳು. ಮತ್ತೆ ಅದೇ ರಾಗ.

"ಮೂರು ವರ್ಷ ಆಯ್ತಲ್ಲೇ ಸನ್ಫಾ. ಕಾಜಿ ಹತ್ರ ಹೋಗಿ ಬಿಡುಗಡೆ ತಗೋ. ದರ್ಜಿ ಮೂಸಾ ನಿನ್ನ ಬಗ್ಗೆ ಕೇಳ್ತಾನೇ ಇದಾನೆ."

"ಕೇಳ್ಲಿ ಬಿಡಕ್ಕಾ. ಬಾಯಿ ನೋಯೋದು ಅವನದು."

ನಕ್ಕಳು. ನಾನೂ ನಕ್ಕೆ. ಅವಳು ಆಚೆ ಹೋದ ಮೇಲೆ ಕೂತು ಅತ್ತೆ. ನನ್ನ ಗಂಡ ಇದ್ರೀಸ್ ಹಡಗು ಹತ್ತುವಾಗ ಹೇಳಿದ್ದು ಒಂದೇ ವರ್ಷ ಅಂತ. ಕೊಲಂಬೋ ನೋಡಬೇಕಂತೆ, ಆಮೇಲೆ ಕಲ್ಕತ್ತಾ. ನೋಡಿ ಮುಗಿದಿಲ್ಲವೇನೋ...

ಫೆಬ್ರವರಿ ೩, ಶುಕ್ರವಾರ

ಮಧ್ಯಾಹ್ನ ಬಾಂಗ್ ಆಯಿತು. ಗಂಡಸರೆಲ್ಲ ಅತ್ತರು ಹಚ್ಚಿಕೊಂಡು ಮಸೀದಿಗೆ ಹೊರಟರು. ಶುಕ್ರವಾರ ಬಂತೆಂದರೆ ನನಗೆ ಬಾಗಿಲಾಚೆ ಕಾಲಿಡುವುದೇ ಬೇಡ ಅನ್ನಿಸುತ್ತದೆ.

ನಮ್ಮ ಪುಟ್ಟ ದ್ವೀಪ ದಿಗ್ಗಾಫುಶಿಯಲ್ಲಿ ಸರಿಯಾಗಿ ನಲವತ್ತು ಗಂಡಸರಿದ್ದರು. ಶುಕ್ರವಾರದ ನಮಾಜಿಗೆ ಅಷ್ಟು ತಲೆ ಬೇಕೇ ಬೇಕು. ಇಲ್ಲದಿದ್ದರೆ ಅದು ಊರೆಂದು ಲೆಕ್ಕವೇ ಇಲ್ಲ. ನಾನೊಬ್ಬ ಹೋದರೆ ಏನು ಮುಳುಗುತ್ತದೆ ಎಂದುಕೊಂಡು ಹೋದ ಇದ್ರೀಸ್. ಮುಳುಗಿತು. ಒಂದು ಮಳೆಗಾಲ ಅವನಿಗಾಗಿ ಕಾದರು. ಆಮೇಲೆ ರಾಜಧಾನಿ ಮಾಲೆಯಿಂದ ಊರು ಬಿಡಿ ಎಂದು ಅಪ್ಪಣೆ ಬಂತು. ಸೂರಿನ ಗರಿ, ಕಂಬ, ಕೋಳಿ, ಕೂಸು, ಎಲ್ಲ ದೋಣಿಗೆ. ಈ ದೊಡ್ಡ ದ್ವೀಪದ ಅಂಚಿನಲ್ಲಿ ನಮಗೊಂದು ಕೇರಿ.

ಅದಂಬೇ ನಮ್ಮೂರಿನವರೇ, ದೋಣಿ ನಡೆಸುವವರು. ನಮಾಜು ಮುಗಿಸಿ ಬರುವಾಗ ಪ್ರತಿವಾರದಂತೆ ನಮ್ಮ ಬೇಲಿ ಹತ್ತಿರ ನಿಂತರು.

"ಏನಮ್ಮಾ, ಊರು ನುಂಗಿದವನದು ಏನಾದ್ರೂ ಸುದ್ದಿ?"

"ಬಂದ್ರೆ ಸೀದಾ ನಿಮ್ಮ ಮನೆಗೇ ಕಳಿಸ್ತೀನಿ. ಊಟಕ್ಕೆ ಹಾಕಿ."

ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಒಳಗೆ ಬಂದು ಬಾಗಿಲು ಹಾಕಿಕೊಂಡೆ.

ಫೆಬ್ರವರಿ ೨೧, ಮಂಗಳವಾರ

ಅದಂಬೇ ನಾಡಿದ್ದು ದಿಗ್ಗಾಫುಶಿಗೆ ಹೋಗುತ್ತಾರಂತೆ. ಕಾಯಿ, ಗರಿ ತರುವುದಕ್ಕೆ. ನಾನೂ ಬರುತ್ತೇನೆ ಎಂದೆ.

"ಹೆಂಗಸು ಯಾಕೆ ಅಲ್ಲಿಗೆ?"

"ಗರಿ ಹೆಣೆಯೋರು ಯಾರು ಮತ್ತೆ, ನಿಮ್ಮ ಮೀಸೇನಾ?"

ಒಪ್ಪಿದರು. ಗರಿ ಒಂದು ನೆಪ. ಒಂದು ಸಲ ನೋಡಬೇಕು. ಅಷ್ಟೇ. ನಮ್ಮ ಬಾವಿಕಟ್ಟೆಯ ಮೇಲೆ ಒಂದು ಗಳಿಗೆ ಕೂತು ಬರಬೇಕು.

ಫೆಬ್ರವರಿ ೨೩, ಗುರುವಾರ. ದೋಣಿಯಲ್ಲಿ

ಮೊಣಕಾಲ ಮೇಲೆ ಪುಸ್ತಕ ಇಟ್ಟು ಬರೆಯುತ್ತಿದ್ದೇನೆ. ಉಪ್ಪುನೀರು ಸಿಡಿದು ಅಕ್ಷರ ಕದಡುತ್ತಿದೆ. ಹಾಯಿ ತುಂಬಿ ನಿಂತಿದೆ, ಒಳ್ಳೆ ಗಾಳಿ.

ಮೊದಲು ತೆಂಗಿನ ತಲೆಗಳು ಕಂಡವು, ನೀರಿನ ಮೇಲೇ ನೆಟ್ಟ ಹಾಗೆ. ಆಮೇಲೆ ಬಿಳೀ ಮರಳು. ಅದಂಬೇ ಕಣ್ಣೊರೆಸಿಕೊಂಡರು. ನಾನು ನೋಡಿದ್ದು ಗೊತ್ತಾಗಿ, "ಗಾಳಿ ಕಣಮ್ಮಾ" ಎಂದರು. ಗಾಳಿ ಅವರ ಬೆನ್ನ ಕಡೆಯಿಂದ ಬೀಸುತ್ತಿತ್ತು.

ಅದೇ ದಿನ, ಸಂಜೆ

ಕತ್ತಲಾಗುತ್ತಿದೆ. ಆದರೂ ಬರೆಯಬೇಕು.

ನಮ್ಮ ಮನೆಯಿದ್ದ ಜಾಗದಲ್ಲಿ ಹುಲ್ಲು. ಆದರೆ ಬಾವಿಯ ನೀರು ತಿಳಿಯಾಗಿದೆ. ಮಸೀದಿಯ ಅಂಗಳದಲ್ಲಿ ಒಂದು ತರಗೆಲೆ ಇಲ್ಲ, ಮರಳಿನ ಮೇಲೆ ಪೊರಕೆಯ ಗೀರು!

"ಜಿನ್ ಗುಡಿಸಿರೋದು" ಎಂದ ಒಬ್ಬ. ಅಷ್ಟೇ ಸಾಕಾಯಿತು. ಅಷ್ಟು ದೊಡ್ಡ ಗಂಡಸರು ಓಡಿಹೋಗಿ ದೋಣಿ ಪಕ್ಕ ಕೂತರು. ಅದಂಬೇ ಕೂಡ. ನಾನು ಒಲೆಗೆ ಸೌದೆ ತರುತ್ತೇನೆ ಎಂದು ಒಳಗೆ ಹೋದೆ.

ದೀವಿಹಲಸಿನ ಮರದಾಚೆ ಒಂದು ತೆಂಗು. ಮೇಲೆ ನೀರಾ ಇಳಿಸುವ ಗಡಿಗೆ. ಕಾಂಡದಲ್ಲಿ ಹತ್ತಲು ಕಡಿದ ಮೆಟ್ಟು, ಹಸಿಯಾಗಿದೆ, ಒಂದಕ್ಕೊಂದು ದೂರ ದೂರ. ಯಾವ ಜಿನ್‌ಗೆ ಅಷ್ಟು ಉದ್ದದ ಕಾಲು? ಅಂಥ ಮೆಟ್ಟು ಕಡಿಯುವವನು ಈ ಸಮುದ್ರದಲ್ಲೆಲ್ಲ ಒಬ್ಬನೇ. ಅವನ ಮರ ಬೇರೆ ಯಾರಿಗೂ ಹತ್ತಲಾಗುವುದಿಲ್ಲವೆಂದು ಊರೆಲ್ಲ ಬೈಯುತ್ತಿತ್ತು.

"ಇದ್ರೀಸ್" ಎಂದೆ. ಜೋರಾಗಿ ಅಲ್ಲ.

ಕೇದಗೆ ಪೊದೆಯಿಂದ ಎದ್ದು ಬಂದ. ಎಷ್ಟು ಬಡವಾಗಿದ್ದಾನೆ! ಗಡ್ಡದಲ್ಲಿ ನರೆ.

ಕಳೆದ ಮಳೆಗಾಲದ ಕೊನೆಗೇ ಬಂದನಂತೆ. ಮಾಲೆಯಲ್ಲಿ ಇಳಿದಾಗ ಯಾರೋ ಹೇಳಿದರಂತೆ, ನೀನು ಹೋದೆ, ಊರೂ ಹೋಯಿತು ಅಂತ. ಈ ಕಡೆ ಬರುವ ದೋಣಿಯೊಂದನ್ನು ಹಿಡಿದು ಇಲ್ಲಿ ಇಳಿದಿದ್ದಾನೆ.

"ಒಂದು ಹಗಲಿನ ಹಾಯಿ ದೂರದಲ್ಲಿ ನಾನಿದ್ದೆ. ಇಲ್ಲಿ ಕೂತು ಅಂಗಳ ಗುಡಿಸ್ತಿದ್ಯಾ?"

"ಯಾವ ಮುಖ ಇಟ್ಕೊಂಡು ಬರ್ಲಿ ಸನ್ಫಾ? ಊರಿಗೆ ಊರೇ ಉಗಿಯುತ್ತೆ."

"ನಿನಗೆ ಉಗಿಯೋದನ್ನೆಲ್ಲ ಇಷ್ಟು ವರ್ಷ ನನ್ನ ಮುಖಕ್ಕೇ ಉಗಿದಿದಾರೆ. ಒರೆಸ್ಕೊಂಡಿದೀನಿ. ಇನ್ನು ಪಾಲು ತಗೋ ಬಾ."

ತಲೆ ಎತ್ತಲಿಲ್ಲ. ಹೊಡೆಯಬೇಕೆನ್ನಿಸಿತು. ಕೈ ಎತ್ತಿದವಳು ಅವನ ಗಡ್ಡ ಹಿಡಿದುಕೊಂಡು ಅತ್ತುಬಿಟ್ಟೆ. ಅವನೂ ಅತ್ತ. ಆದರೆ ಬರುವುದಿಲ್ಲವಂತೆ. ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡ.

ಮಾರ್ಚ್ ೧೯, ಭಾನುವಾರ

ಏನೂ ಬರೆದಿಲ್ಲ. ಏನು ಬರೆಯಲಿ. ರೊಟ್ಟಿ ತಟ್ಟುತ್ತೇನೆ, ಇಬ್ಬರಿಗಾಗುವಷ್ಟು. ಉಳಿದದ್ದು ಕೋಳಿಗೆ.

ಇವತ್ತು ಗಾಳಿ ಒಮ್ಮೆ ಪಡುವಣಕ್ಕೆ ಹೊರಳಿ ಮತ್ತೆ ಮೂಡಣಕ್ಕೆ ಬಂತು. ಪೂರ್ತಿ ತಿರುಗಿಬಿಟ್ಟರೆ ಮಳೆಗಾಲ ಕಳೆಯುವವರೆಗೆ ಆ ಕಡೆ ಒಂದು ಹಾಯಿಯೂ ಹೋಗುವುದಿಲ್ಲ. ಅವನೊಬ್ಬನೇ ಅಲ್ಲಿ, ಬಿರುಗಾಳಿಯಲ್ಲಿ, ಸೂರಿಲ್ಲದೆ. ಆಣೆ ಹಾಳಾಗಲಿ!

ಅದಂಬೇ ಮನೆಗೆ ಹೋಗಿ ಎಲ್ಲ ಹೇಳಿಬಿಟ್ಟೆ. ಹಗ್ಗ ಹೊಸೆಯುತ್ತಿದ್ದವರು ಕೈ ನಿಲ್ಲಿಸಿದರು. ಬೈಗುಳಕ್ಕೆ ಕಾದೆ.

"ಮಸೀದಿ ದಿನಾ ಗುಡಿಸ್ತಾನಾ?"

"ದಿನಾ. ಶುಕ್ರವಾರ ಬಾಂಗ್ ಕೂಡ ಕೊಡ್ತಾನಂತೆ. ಒಬ್ಬನೇ."

ಎದ್ದು ಹೊರಗೆ ಹೋದರು.

ಮಾರ್ಚ್ ೨೭, ಸೋಮವಾರ

ಕೇರಿಯಲ್ಲಿ ಗಲಾಟೆಯೋ ಗಲಾಟೆ. ಅವನ ಕಾಲು ಮುರಿಯಬೇಕು ಎನ್ನುವವರು ಕೆಲವರು. ಅದಂಬೇ ಮಾತ್ರ ಒಂದೇ ಹಟ: ಶುಕ್ರವಾರ ಎಲ್ಲರೂ ದಿಗ್ಗಾಫುಶಿಗೆ ಹೋಗೋಣ, ನಮ್ಮ ಮಸೀದಿಯಲ್ಲೇ ನಮಾಜು ಮಾಡೋಣ.

ನಮಾಜು ನಡೆಸುವ ಮುದುಕ ಖತೀಬರು ಒಪ್ಪಲಿಲ್ಲ. "ಹೋಗಿ ಬರೋರು ನಾವು, ಅಲ್ಲಿ ವಾಸ ಇಲ್ಲ. ಅದು ಶುಕ್ರವಾರದ ನಮಾಜು ಅಂತ ಲೆಕ್ಕಕ್ಕೆ ಬರಲ್ಲಪ್ಪಾ."

"ಬರದಿದ್ರೆ ಬೇಡ. ಬರೀ ಮಧ್ಯಾಹ್ನದ ನಮಾಜೇ ಆಗ್ಲಿ. ಅವನೊಬ್ಬನೇ ಕೂಗಿದ್ದಕ್ಕೆ ಯಾರಾದ್ರೂ ಓ ಅನ್ಬೇಕಲ್ಲ!"

ಹಾಗಾದರೆ ದೋಣಿಯಲ್ಲಿ ತಮಗೆ ನೆರಳಿರುವ ಜಾಗ ಬೇಕು ಎಂದರು ಖತೀಬರು.

ಹವ್ವಾ ಬೆರಳು ಮಡಚಿ ಎಣಿಸಿದಳು. ಸತ್ತವರು ಇಬ್ಬರು. ಮೀಸೆ ಬಂದವರೂ ಇಬ್ಬರು, ಅದರಲ್ಲಿ ಒಬ್ಬ ಅವಳ ಮಗ. ಗಾಳಿಯೇ, ನಾಲ್ಕು ದಿನ ತಡಿ.

ಮಾರ್ಚ್ ೩೧, ಶುಕ್ರವಾರ. ದಿಗ್ಗಾಫುಶಿ

ಮೂರು ದೋಣಿ, ರಾತ್ರಿಯೇ ಹೊರಟದ್ದು. ಮೊದಲ ದೋಣಿಯಿಂದ ಸೊಂಟದುದ್ದದ ನೀರಿಗೆ ಮೊದಲು ಧುಮುಕಿದವಳು ನಾನು. ಪುಸ್ತಕ ತಲೆಯ ಮೇಲೆ ಹಿಡಿದು ಓಡಿದೆ.

ಹಾಯಿಗಳನ್ನು ಕಂಡು ಇದ್ರೀಸ್ ಕೇದಗೆ ಪೊದೆಯ ಹಿಂದೆ ಅಡಗಿದ್ದ. "ಹೊಡಿಯೋಕೆ ಬಂದ್ರಾ?" ಎಂದ. ಹೊಡೆಯಲು ಯಾರಾದರೂ ಅತ್ತರು ಹಚ್ಚಿಕೊಂಡು ಬರುತ್ತಾರಾ, ನೋಡು ಎಂದೆ.

ನೋಡುತ್ತಿದ್ದಾನೆ. ನಾನು ಪಕ್ಕದಲ್ಲಿ ಕೂತು ಬರೆಯುತ್ತಿದ್ದೇನೆ, ಇಲ್ಲದಿದ್ದರೆ ಎದೆ ಒಡೆದುಹೋಗುತ್ತದೆ. ಒಬ್ಬೊಬ್ಬರೇ ನೀರಿಗಿಳಿಯುತ್ತಿದ್ದಾರೆ. ಖತೀಬರನ್ನು ಇಬ್ಬರು ಹೊತ್ತು ತಂದರು. ಹವ್ವಾಳ ಮಗ ಇಳಿದ. ಕೊನೆಗೆ ಅದಂಬೇ. ಇವನು ಉಸಿರು ಬಿಗಿಹಿಡಿದು ಎಣಿಸುತ್ತಲೇ ಇದ್ದ. ನಿಲ್ಲಿಸಿದ. ಮುಖ ಸಪ್ಪೆಯಾಯಿತು.

"ಮೂವತ್ತೊಂಬತ್ತೇ ಕಣೇ. ಒಬ್ಬ ಕಮ್ಮಿ."

ಅಯ್ಯೋ ಪೆದ್ದೇ! ಹಡಗು ಹತ್ತಿದ ದಿನವೂ ಹೀಗೇ ನಿನ್ನನ್ನೇ ಬಿಟ್ಟು ಎಣಿಸಿದ್ದೆಯಲ್ಲ... ಮರಳಿನ ಮೇಲೆ ನಿಂತು ಎಲ್ಲರೂ ಈ ಕಡೆಗೇ ನೋಡುತ್ತಿದ್ದಾರೆ. ಅದಂಬೇ ಕೈ ಬಾಯಿಗಿಟ್ಟು ಕೂಗುತ್ತಿದ್ದಾರೆ, ಇವನ ಹೆಸರನ್ನೇ. ತಡಿ, ಪುಸ್ತಕ ಕೆಳಗಿಟ್ಟು ಇವನ ಕೈ ಹಿಡಿದು —